ಸರ್ವರ್ ಚಾಲನೆಗೊಳ್ಳದಿದ್ದಾಗ ಸೀರಿಯಲ್ ಕನ್ಸೋಲ್ ಹೇಳುವುದೇನು?
ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ

'ಸರ್ವರ್ ಡೌನ್' ಎಂಬ ಮಾತು ಇಂದು ಗ್ರಾಮ ಪಂಚಾಯಿತಿ ಕಚೇರಿಗೆ ಬಂದುಹೋಗುವ ಎಲ್ಲರಿಗೂ ಪರಿಚಿತವಾಗಿದೆ. ಇ-ಸ್ವತ್ತು, ಪಂಚತಂತ್ರ ಮುಂತಾದ ರಾಜ್ಯಮಟ್ಟದ ತಂತ್ರಾಂಶಗಳ ವಿಷಯದಲ್ಲಿ ಈ ಮಾತು ಕೇಳಿಬಂದಾಗ ಪಂಚಾಯಿತಿಯು ಮಾಡಬಹುದಾದದ್ದು ಹೆಚ್ಚಿಲ್ಲ. ಆ ಸರ್ವರ್‌ಗಳ ನಿರ್ವಹಣೆ ಪಂಚಾಯಿತಿಯ ಕೈಯಲ್ಲಿಲ್ಲದ ಕಾರಣ ದೂರು ದಾಖಲಿಸಿ ಕಾಯಬೇಕಾಗುತ್ತದೆ. ಆದರೆ ನೀರಿನ ಮೀಟರ್ ಬಿಲ್ಲು, ವಾಣಿಜ್ಯ ಮಳಿಗೆಗಳ ಬಾಡಿಗೆ ಲೆಕ್ಕ ಅಥವಾ ಪಂಚಾಯಿತಿಯ ಜಾಲತಾಣಕ್ಕಾಗಿ ಸ್ವಂತ ನಿಧಿಯಿಂದ ಬಾಡಿಗೆ ಪಾವತಿಸಿ ಸರ್ವರ್ ಇರಿಸಿಕೊಂಡಿದ್ದಲ್ಲಿ ಮಾತು ಬೇರೆ. ಅದರ ಹೊಣೆ ಪಂಚಾಯಿತಿಯದೇ; ಅದರೊಳಗಿನ ಲೆಕ್ಕವೂ ಪಂಚಾಯಿತಿಯದೇ.

ಇಂತಹ ಸರ್ವರ್ ಒಂದು ದಿನ ಚಾಲನೆಗೊಳ್ಳದೆ ನಿಂತಿತೆಂದು ಭಾವಿಸೋಣ. ಸೇವಾದಾರರಿಂದ ಒಂದು ಪತ್ರ ಬರುತ್ತದೆ: ಸರ್ವರ್ ಕೆಟ್ಟಿದೆ, ಹೊಸದಾಗಿ ಸ್ಥಾಪಿಸಬೇಕು, ಹಳೆಯ ದತ್ತಾಂಶ ದೊರೆಯುವುದು ಸಂದೇಹ, ದರಪಟ್ಟಿ ಲಗತ್ತಿಸಿದೆ. ವಿಷಯವು ತಾಂತ್ರಿಕವಾದುದೆಂದು ಸದಸ್ಯರು ಪ್ರಶ್ನಿಸದೆ ಒಪ್ಪಿಗೆ ಕೊಟ್ಟರೆ, ಹಲವು ವರ್ಷಗಳ ಬೇಡಿಕೆ, ವಸೂಲಿ ಮತ್ತು ಬಾಕಿಯ ಲೆಕ್ಕವು ಒಂದು ನಿರ್ಣಯದಿಂದ ಅಳಿಸಿಹೋಗಬಹುದು. ಬಾಕಿ ಯಾರದು, ಪಾವತಿಸಿದವರು ಯಾರು ಎಂಬುದಕ್ಕೆ ಮನೆಮನೆಯ ರಸೀದಿಗಳನ್ನು ಹುಡುಕುತ್ತ ಕೂರಬೇಕಾದೀತು.

ಕೊಳವೆಬಾವಿಯ ಮೋಟಾರು ಓಡದಿದ್ದಾಗ ನಾವು ಹೀಗೆ ಮಾಡುವುದಿಲ್ಲ. ಮೋಟಾರನ್ನು ಮೇಲೆತ್ತಿಸುವ ಮೊದಲು ಪ್ಯಾನೆಲ್ ಬೋರ್ಡಿನಲ್ಲಿ ಮೂರು ಫೇಸ್ ಬರುತ್ತಿವೆಯೇ, ಸ್ಟಾರ್ಟರ್ ಹಿಡಿಯುತ್ತಿದೆಯೇ, ಕೇಬಲ್ ಸುಟ್ಟಿದೆಯೇ ಎಂದು ನೋಡಿಸುತ್ತೇವೆ. ಪೈಪು ಎತ್ತುವ ಖರ್ಚು ಎಷ್ಟೆಂಬುದು ಪ್ರತಿಯೊಬ್ಬ ಸದಸ್ಯರಿಗೂ ತಿಳಿದಿದೆ. ಸರ್ವರ್‌ಗೂ ಅಂತಹುದೇ ಒಂದು ಪ್ಯಾನೆಲ್ ಬೋರ್ಡು ಇದೆ. ಅದರ ಹೆಸರು ಸೀರಿಯಲ್ ಕನ್ಸೋಲ್. ಅದರಲ್ಲಿ ಮೂಡಿದ ಸಂದೇಶಗಳನ್ನು ನೋಡದೆ ಮರುಸ್ಥಾಪನೆಗೆ ಒಪ್ಪಿಗೆ ನೀಡಬಾರದು ಎಂಬುದನ್ನು ತಿಳಿಸುವುದಕ್ಕಾಗಿಯೇ ಈ ಲೇಖನ.

ಯಂತ್ರ ಏಳುವ ಕ್ರಮ

ಬಾಡಿಗೆಗೆ ದೊರೆಯುವ ಸರ್ವರ್ ಬಹುತೇಕ ಪ್ರತ್ಯೇಕ ಪೆಟ್ಟಿಗೆಯಾಗಿರುವುದಿಲ್ಲ. ದತ್ತಾಂಶ ಕೇಂದ್ರದಲ್ಲಿರುವ ಒಂದು ದೊಡ್ಡ ಗಣಕಯಂತ್ರವನ್ನು ತಂತ್ರಾಂಶದ ಮೂಲಕ ಹಲವು ಪಾಲು ಮಾಡಿ, ಪ್ರತಿಯೊಂದು ಪಾಲಿಗೂ ತನ್ನದೇ ಆದ ಪ್ರೊಸೆಸರ್, ಮೆಮೊರಿ ಮತ್ತು ಡಿಸ್ಕ್ ಇರುವಂತೆ ಏರ್ಪಡಿಸಲಾಗುತ್ತದೆ. ಒಂದೇ ಕಟ್ಟಡದಲ್ಲಿ ಬೇರೆ ಬೇರೆ ಬೀಗಗಳಿರುವ ಮಳಿಗೆಗಳಿದ್ದಂತೆ. ಈ ಪಾಲಿಗೆ ವರ್ಚುವಲ್ ಯಂತ್ರವೆಂದು ಹೆಸರು. ಲಿನಕ್ಸ್‌ನಲ್ಲಿ ಈ ಕೆಲಸವನ್ನು ಮಾಡುವ ಕೆವಿಎಂ ಎಂಬ ವ್ಯವಸ್ಥೆಯು 2007ರಿಂದ ಲಿನಕ್ಸ್ ಕರ್ನಲ್‌ನ ಭಾಗವಾಗಿಯೇ ಇದೆ. ಪಾಲಾದ ಯಂತ್ರಕ್ಕೆ ಎದುರಿಗೆ ಕುಳಿತು ನೋಡುವ ಪರದೆಯಾಗಲಿ ಕೀಲಿಮಣೆಯಾಗಲಿ ಇರುವುದಿಲ್ಲ. ನಿರ್ವಾಹಕರು ದೂರದಿಂದ ಅಂತರಜಾಲದ ಮೂಲಕವೇ ಅದರೊಳಗೆ ಪ್ರವೇಶಿಸುತ್ತಾರೆ.

ವಿದ್ಯುತ್ ಬಂದ ಕೂಡಲೇ ಯಂತ್ರವು ಒಮ್ಮೆಗೇ ಕೆಲಸಕ್ಕೆ ನಿಲ್ಲುವುದಿಲ್ಲ. ಮೊದಲು ಫರ್ಮ್‌ವೇರ್ ಎಚ್ಚರಗೊಂಡು ಡಿಸ್ಕನ್ನು ಗುರುತಿಸುತ್ತದೆ. ಅದು ಗ್ರಬ್ ಎಂಬ ಚಿಕ್ಕ ತಂತ್ರಾಂಶವನ್ನು ಕರೆಯುತ್ತದೆ. ಗ್ರಬ್, ಲಿನಕ್ಸ್‌ನ ತಿರುಳಾದ ಕರ್ನಲ್ಲನ್ನೂ ಅದರೊಂದಿಗೆ ಇನಿಟ್‌ರಾಮ್‌ಎಫ್‌ಎಸ್ ಎಂಬ ತಾತ್ಕಾಲಿಕ ಕಡತಗಳ ಕಟ್ಟನ್ನೂ ಮೆಮೊರಿಗೆ ತರುತ್ತದೆ. ಮುಖ್ಯ ಡಿಸ್ಕನ್ನು ತೆರೆಯಲು ಬೇಕಾದ ಚಾಲಕ ತಂತ್ರಾಂಶಗಳು ಈ ಕಟ್ಟಿನಲ್ಲಿರುತ್ತವೆ. ಮುಖ್ಯ ಡಿಸ್ಕ್ ತೆರೆದ ಬಳಿಕ ಸಿಸ್ಟಮ್‌ಡಿ ಎಂಬ ಮೇಲ್ವಿಚಾರಕನು ಉಳಿದ ಡಿಸ್ಕ್‌ಗಳನ್ನು ಜೋಡಿಸಿ, ಜಾಲ ಸಂಪರ್ಕವನ್ನು ಎಬ್ಬಿಸಿ, ಕೊನೆಗೆ ಪಂಚಾಯಿತಿಯ ತಂತ್ರಾಂಶವನ್ನು ಆರಂಭಿಸುತ್ತಾನೆ.

ಇಲ್ಲಿ ಸದಸ್ಯರು ಗಮನಿಸಬೇಕಾದ ಅಂಶವೆಂದರೆ, ಜಾಲ ಸಂಪರ್ಕವು ಈ ಸಾಲಿನಲ್ಲಿ ಬಹಳ ಹಿಂದೆ ನಿಂತಿದೆ. ಅದಕ್ಕಿಂತ ಮೊದಲಿನ ಯಾವ ಹಂತದಲ್ಲಿ ತೊಡಕು ಉಂಟಾದರೂ ಹೊರಗಿನಿಂದ ಕಾಣುವುದು ಒಂದೇ: ಯಂತ್ರ ಉತ್ತರಿಸುತ್ತಿಲ್ಲ. ಒಂದು ಸಾಲಿನ ತಪ್ಪು ಬರಹದಿಂದ ನಿಂತ ಯಂತ್ರವೂ ಡಿಸ್ಕ್ ಪೂರ್ಣ ಹಾಳಾದ ಯಂತ್ರವೂ ದೂರದಿಂದ ಸರಿಸಮವಾಗಿ ಸತ್ತಂತೆಯೇ ತೋರುತ್ತವೆ. ಹಾಗಾಗಿ 'ಸಂಪರ್ಕ ಸಿಗುತ್ತಿಲ್ಲ' ಎಂಬ ವರದಿಯೊಂದರಿಂದಲೇ ಕಾರಣವನ್ನು ಹೇಳಲಾಗದು.

ಸೀರಿಯಲ್ ಕನ್ಸೋಲ್

ಸೀರಿಯಲ್ ಎಂದರೆ ಅಕ್ಷರಗಳನ್ನು ಒಂದರ ಹಿಂದೆ ಒಂದರಂತೆ ಸಾಲಾಗಿ ಕಳುಹಿಸುವ ಪದ್ಧತಿ. ಆರ್‌ಎಸ್-232 ಎಂಬ ಇದರ ಮಾನದಂಡ ರೂಪುಗೊಂಡದ್ದು 1960ರಲ್ಲಿ. ಹಳೆಯ ಗಣಕಯಂತ್ರಗಳ ಹಿಂಬದಿಯಲ್ಲಿ ಒಂಬತ್ತು ಸೂಜಿಗಳ ಕನೆಕ್ಟರ್ ಇರುತ್ತಿದ್ದುದನ್ನು ಕೆಲವರು ನೋಡಿರಬಹುದು. ಇಷ್ಟು ಹಳೆಯ ಪದ್ಧತಿಯನ್ನು ಇಂದಿನ ವರ್ಚುವಲ್ ಯಂತ್ರಗಳಲ್ಲಿಯೂ ಅನುಕರಿಸಿ ಉಳಿಸಿಕೊಂಡಿರುವುದಕ್ಕೆ ಕಾರಣ ಅದರ ಸರಳತೆ. ಪರದೆಯ ಚಾಲಕ ತಂತ್ರಾಂಶವಿಲ್ಲದೆ, ಜಾಲ ಸಂಪರ್ಕವಿಲ್ಲದೆ, ಡಿಸ್ಕ್ ಕೂಡ ತೆರೆಯದಿರುವಾಗ ಕರ್ನಲ್ ತನ್ನ ಸ್ಥಿತಿಯನ್ನು ಈ ದಾರಿಯಲ್ಲಿ ಹೊರಗೆ ಹೇಳಬಲ್ಲದು.

ಲಿನಕ್ಸ್‌ನಲ್ಲಿ ಮೊದಲ ಸೀರಿಯಲ್ ದಾರಿಗೆ ಟಿಟಿವೈಎಸ್0 ಎಂದು ಹೆಸರು. ಕೆವಿಎಂ ಬಳಸುವಲ್ಲಿ ನಿರ್ವಾಹಕರು ವಿರ್ಶ್ ಎಂಬ ಉಪಕರಣದ ಕನ್ಸೋಲ್ ಆದೇಶದಿಂದ ಅದನ್ನು ತೆರೆಯುತ್ತಾರೆ. ಅಮೆಜಾನ್, ಗೂಗಲ್, ಮೈಕ್ರೋಸಾಫ್ಟ್ ಅಜೂರ್ ಮುಂತಾದ ಕ್ಲೌಡ್ ಸೇವೆಗಳಲ್ಲಿ ಅದಕ್ಕೆಂದೇ ಜಾಲಪುಟದಲ್ಲಿ ವ್ಯವಸ್ಥೆಯಿದೆ. ಆದರೆ ಕೆಲವೆಡೆ ಅದನ್ನು ಮುಂಚಿತವಾಗಿ ಸಕ್ರಿಯಗೊಳಿಸಿರಬೇಕು. ಅಜೂರ್‌ನಲ್ಲಿ ಬೂಟ್ ಡಯಾಗ್ನೋಸ್ಟಿಕ್ಸ್ ಎಂಬ ಆಯ್ಕೆ ಚಾಲ್ತಿಯಲ್ಲಿರಬೇಕು, ಗುಪ್ತಪದವುಳ್ಳ ಬಳಕೆದಾರರ ಖಾತೆಯೊಂದು ಯಂತ್ರದೊಳಗಿರಬೇಕು. ಗೂಗಲ್‌ನಲ್ಲಿ ಸಂದೇಶಗಳನ್ನು ಓದುವುದಷ್ಟೇ ಅಲ್ಲದೆ ಕನ್ಸೋಲ್ ಮೂಲಕ ಆದೇಶ ನೀಡಬೇಕಾದರೆ ಪ್ರತ್ಯೇಕ ಅನುಮತಿಯನ್ನು ತೆರೆದಿರಬೇಕು. ತೊಂದರೆ ಬಂದ ರಾತ್ರಿಯಲ್ಲಿ ಇವುಗಳನ್ನು ಹುಡುಕುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ಕನ್ಸೋಲ್ ಖಾಲಿಯಾಗಿ ಕಂಡರೆ

ಕನ್ಸೋಲ್ ತೆರೆದಾಗ ಏನೂ ಕಾಣದಿದ್ದರೆ ಯಂತ್ರ ಸತ್ತಿದೆಯೆಂದು ತೀರ್ಮಾನಿಸುವುದು ಅವಸರದ ಮಾತು. ವಿರ್ಶ್ ಮೂಲಕ ತೆರೆದ ಕನ್ಸೋಲ್ ಆ ಕ್ಷಣದಿಂದ ಮುಂದಿನದನ್ನು ಮಾತ್ರ ತೋರಿಸುತ್ತದೆ, ಹಿಂದೆ ಬಂದುಹೋದ ಸಂದೇಶಗಳನ್ನು ತೋರಿಸುವುದಿಲ್ಲ. ಯಂತ್ರವು ಗುಪ್ತಪದಕ್ಕಾಗಿ ಕಾಯುತ್ತ ನಿಂತಿದ್ದರೂ ಎಂಟರ್ ಕೀಲಿಯನ್ನು ಒತ್ತುವವರೆಗೆ ಪುಟ ಖಾಲಿಯಾಗಿಯೇ ಇರುತ್ತದೆ.

ಎಂಟರ್ ಒತ್ತಿದರೂ ಏನೂ ಬಾರದಿದ್ದರೆ, ಲಿನಕ್ಸ್‌ಗೆ ಸೀರಿಯಲ್ ದಾರಿಯನ್ನು ಬಳಸುವಂತೆ ಹೇಳಿಯೇ ಇಲ್ಲದಿರುವ ಸಾಧ್ಯತೆ ಇದೆ. ಗ್ರಬ್, ಕರ್ನಲ್ ಮತ್ತು ಲಾಗಿನ್ ಕೇಳುವ ಗೆಟ್ಟಿ ಎಂಬ ಸೇವೆ, ಈ ಮೂರಕ್ಕೂ ಪ್ರತ್ಯೇಕವಾಗಿ ವ್ಯವಸ್ಥೆ ಆಗಿರಬೇಕು. ಒಂದಕ್ಕೆ ಮಾಡಿ ಇನ್ನೊಂದನ್ನು ಬಿಟ್ಟಿರುವುದು ಸಾಮಾನ್ಯ. ಗ್ರಬ್‌ನ ಆಯ್ಕೆಪಟ್ಟಿ ಕಾಣದೆ ಕರ್ನಲ್‌ನ ಸಂದೇಶಗಳು ಮಾತ್ರ ಕಂಡರೆ ಗ್ರಬ್‌ಗೆ ಹೇಳಿಲ್ಲವೆಂದು ಅರ್ಥ. ಕರ್ನಲ್ ಸಂದೇಶಗಳೇ ಇಲ್ಲದಿದ್ದರೆ, ಕರ್ನಲ್‌ಗೆ ನೀಡುವ ಸಾಲಿನಲ್ಲಿ ಕನ್ಸೋಲ್ ಎಂಬ ಪದದ ಮುಂದೆ ಟಿಟಿವೈಎಸ್0 ಮತ್ತು ವೇಗವಾದ 115200 ಎಂಬುದನ್ನು ಬರೆದಿಲ್ಲ. ಸಂದೇಶಗಳೆಲ್ಲ ಬಂದು ಕೊನೆಗೆ ಲಾಗಿನ್ ಕೇಳದಿದ್ದರೆ ಗೆಟ್ಟಿ ಓಡುತ್ತಿಲ್ಲ.

ಇದರಲ್ಲಿ ಅನುಭವಿಗಳನ್ನೂ ದಾರಿ ತಪ್ಪಿಸುವ ಒಂದು ಅಂಶವಿದೆ. ಕರ್ನಲ್‌ಗೆ ಒಂದಕ್ಕಿಂತ ಹೆಚ್ಚು ಕನ್ಸೋಲ್‌ಗಳನ್ನು ಸೂಚಿಸಬಹುದು. ಕರ್ನಲ್‌ನ ಸ್ವಂತ ಸಂದೇಶಗಳು ಅವೆಲ್ಲಕ್ಕೂ ಹೋಗುತ್ತವೆ. ಆದರೆ ನಂತರ ಸಿಸ್ಟಮ್‌ಡಿ ನೀಡುವ ಸಂದೇಶಗಳು ಸಾಲಿನಲ್ಲಿ ಕೊನೆಯದಾಗಿ ಬರೆದ ಕನ್ಸೋಲ್‌ಗೆ ಮಾತ್ರ ಹೋಗುತ್ತವೆ. ಸೀರಿಯಲ್ ದಾರಿಯನ್ನು ಮೊದಲು ಬರೆದು ಪರದೆಯನ್ನು ಕೊನೆಗೆ ಬರೆದಿದ್ದರೆ, ಸೀರಿಯಲ್‌ನಲ್ಲಿ ಯಂತ್ರವು ಅರ್ಧದಲ್ಲಿಯೇ ಸಿಲುಕಿದಂತೆ ಕಾಣುತ್ತದೆ. ವಾಸ್ತವದಲ್ಲಿ ಅದು ಮುಂದುವರಿದಿರುತ್ತದೆ. 'ಕ್ವೈಟ್' ಎಂಬ ಪದ ಆ ಸಾಲಿನಲ್ಲಿದ್ದರೆ ಬಹುಪಾಲು ಸಂದೇಶಗಳು ಮೂಡುವುದೇ ಇಲ್ಲ. ದೋಷ ಹುಡುಕುವಾಗ ಅದನ್ನು ತೆಗೆಸಬೇಕು.

ಸಂದೇಶಗಳ ಅರ್ಥ

ಅತಿ ಹೆಚ್ಚಾಗಿ ಎದುರಾಗುವ, ಅತಿ ಹೆಚ್ಚು ಗಾಬರಿ ಹುಟ್ಟಿಸುವ, ಆದರೆ ದತ್ತಾಂಶಕ್ಕೆ ಏನೂ ಹಾನಿ ಮಾಡಿರದ ದೋಷವೊಂದಿದೆ. ಯಂತ್ರಕ್ಕೆ ಯಾವ ಯಾವ ಡಿಸ್ಕ್‌ಗಳನ್ನು ಎಲ್ಲಿ ಜೋಡಿಸಬೇಕೆಂಬ ಪಟ್ಟಿಯು ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿರುತ್ತದೆ. ಲೆಕ್ಕ ಬೆಳೆದಂತೆ ಹೊಸ ಡಿಸ್ಕ್ ಸೇರಿಸಿ ಈ ಪಟ್ಟಿಯಲ್ಲಿ ಒಂದು ಸಾಲು ಬರೆಯುತ್ತಾರೆ. ಮುಂದೊಂದು ದಿನ ಆ ಡಿಸ್ಕ್ ತೆಗೆದರೆ, ಅಥವಾ ಅದರ ಗುರುತಿನ ಸಂಖ್ಯೆಯಲ್ಲಿ ಒಂದು ಅಕ್ಷರ ತಪ್ಪಾಗಿದ್ದರೆ, ಯಂತ್ರವು ಮುಂದಿನ ಬಾರಿ ಏಳುವಾಗ ಇಲ್ಲದ ಡಿಸ್ಕಿಗಾಗಿ ಕಾಯುತ್ತದೆ. ಸಾಮಾನ್ಯವಾಗಿ 90 ಸೆಕೆಂಡುಗಳು. ಕನ್ಸೋಲ್‌ನಲ್ಲಿ 'ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್' ಎಂಬ ಸಾಲು ಓಡುತ್ತಿರುತ್ತದೆ. ಬಳಿಕ 'ಯು ಆರ್ ಇನ್ ಎಮರ್ಜೆನ್ಸಿ ಮೋಡ್' ಎಂದು ಬರೆದು ನಿಲ್ಲುತ್ತದೆ. ತುರ್ತು ಸ್ಥಿತಿಯಲ್ಲಿ ಜಾಲ ಸಂಪರ್ಕ ಏಳುವುದಿಲ್ಲ. ಹೊರಗಿನವರಿಗೆ ಸರ್ವರ್ ಸತ್ತಿದೆ. ಒಳಗೆ ಎಲ್ಲ ಲೆಕ್ಕವೂ ಇದ್ದಲ್ಲಿಯೇ ಇದೆ.

ದೋಷವು ಬದಲಾವಣೆ ಮಾಡಿದ ದಿನ ಕಾಣಿಸಿಕೊಳ್ಳದೆ, ತಿಂಗಳುಗಳ ನಂತರ ಯಂತ್ರವನ್ನು ಮೊದಲ ಬಾರಿಗೆ ಮರುಚಾಲನೆ ಮಾಡಿದಾಗ ಕಾಣಿಸಿಕೊಳ್ಳುವುದರಿಂದ ಕಾರಣ ಯಾರಿಗೂ ನೆನಪಿರುವುದಿಲ್ಲ. ಪರಿಹಾರ ಮಾತ್ರ ಚಿಕ್ಕದು. ಕನ್ಸೋಲ್‌ನಲ್ಲಿ ನಿರ್ವಾಹಕರ ಗುಪ್ತಪದ ನೀಡಿ ಒಳಗೆ ಹೋಗಿ, ಮುಖ್ಯ ಡಿಸ್ಕನ್ನು ಬರೆಯಲು ಅನುಮತಿಸಿ, ತಪ್ಪು ಸಾಲನ್ನು ತಿದ್ದಿ ಮರುಚಾಲನೆ ಮಾಡಿದರಾಯಿತು. ಅನಿವಾರ್ಯವಲ್ಲದ ಡಿಸ್ಕಿನ ಸಾಲಿಗೆ 'ನೋಫೇಲ್' ಎಂಬ ಪದ ಸೇರಿಸಿದರೆ, ಆ ಡಿಸ್ಕ್ ಸಿಗದಿದ್ದರೂ ಯಂತ್ರ ಮುಂದೆ ಸಾಗುತ್ತದೆ.

ಕೆಲವು ಲಿನಕ್ಸ್ ಆವೃತ್ತಿಗಳಲ್ಲಿ ರೂಟ್ ಎಂಬ ಮುಖ್ಯ ಖಾತೆಗೆ ಆರಂಭದಿಂದಲೇ ಬೀಗ ಹಾಕಿರುತ್ತಾರೆ. ಆಗ ತುರ್ತು ಸ್ಥಿತಿಯಲ್ಲಿ ಖಾತೆ ಬಂದ್ ಆಗಿದೆ ಎಂಬ ಉತ್ತರ ಬಂದು ಒಳಪ್ರವೇಶ ನಿಂತುಹೋಗಬಹುದು. ಇಲ್ಲಿಯೂ ಮರುಸ್ಥಾಪನೆಯ ಅಗತ್ಯವಿಲ್ಲ. ಕೆಟ್ಟ ಯಂತ್ರದ ಡಿಸ್ಕನ್ನು ಬಿಡಿಸಿ, ಸರಿಯಿರುವ ಇನ್ನೊಂದು ವರ್ಚುವಲ್ ಯಂತ್ರಕ್ಕೆ ಎರಡನೆಯ ಡಿಸ್ಕಾಗಿ ಜೋಡಿಸಿ, ಅಲ್ಲಿಂದ ಕಡತವನ್ನು ತಿದ್ದಿ ಮರಳಿ ಹಾಕಬಹುದು. ವರ್ಚುವಲ್ ಯಂತ್ರದ ದೊಡ್ಡ ಅನುಕೂಲವೇ ಇದು. ಡಿಸ್ಕನ್ನು ಕಳಚಲು ಸ್ಕ್ರೂಡ್ರೈವರ್ ಬೇಕಿಲ್ಲ.

'ಕರ್ನಲ್ ಪ್ಯಾನಿಕ್' ಎಂಬ ಪದದೊಂದಿಗೆ 'ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್' ಎಂದು ಬಂದರೆ ಕರ್ನಲ್‌ಗೆ ಮುಖ್ಯ ಡಿಸ್ಕ್ ಸಿಕ್ಕಿಲ್ಲ. ಡಿಸ್ಕ್ ಹಾಳಾಗಿದೆಯೆಂದು ಇದರ ಅರ್ಥವಲ್ಲ. ಕರ್ನಲ್ ನವೀಕರಣದ ವೇಳೆ ಬೂಟ್ ವಿಭಾಗದಲ್ಲಿ ಜಾಗ ಸಾಲದೆ ಇನಿಟ್‌ರಾಮ್‌ಎಫ್‌ಎಸ್ ಅರ್ಧಕ್ಕೆ ನಿಂತಿರುವುದು ಇದಕ್ಕೆ ಪರಿಚಿತ ಕಾರಣ. ಗ್ರಬ್‌ನ ಪಟ್ಟಿಯಿಂದ ಹಿಂದಿನ ಕರ್ನಲ್ಲನ್ನು ಆರಿಸಿದರೆ ಯಂತ್ರ ಏಳುತ್ತದೆ. ಬಳಿಕ ಜಾಗ ಬಿಡಿಸಿ ಆ ಕಟ್ಟನ್ನು ಪುನಃ ರಚಿಸಬೇಕು. ಕ್ಲೌಡ್ ಯಂತ್ರಗಳಲ್ಲಿ ಗ್ರಬ್‌ನ ಪಟ್ಟಿ ಕಣ್ಣಿಗೆ ಬೀಳುವ ಮೊದಲೇ ದಾಟಿಹೋಗುವಂತೆ ಇಡುವುದುಂಟು. ಐದು ಸೆಕೆಂಡಾದರೂ ನಿಲ್ಲುವಂತೆ ಮುಂಚೆಯೇ ಮಾಡಿಸಿಕೊಳ್ಳುವುದು ಒಳ್ಳೆಯದು.

ಸೇವಾದಾರರನ್ನು ಬದಲಾಯಿಸಿ ಯಂತ್ರವನ್ನು ಒಂದು ಬಗೆಯ ವ್ಯವಸ್ಥೆಯಿಂದ ಇನ್ನೊಂದಕ್ಕೆ, ಉದಾಹರಣೆಗೆ ವಿಎಂವೇರ್‌ನಿಂದ ಕೆವಿಎಂಗೆ, ಸಾಗಿಸಿದ ಮೇಲೆ ಡಿಸ್ಕ್ ಕಾಣುತ್ತಿಲ್ಲವೆಂಬ ಸಂದೇಶ ಬಂದರೆ ಹೊಸ ಸ್ಥಳದ ಡಿಸ್ಕಿಗೆ ಬೇಕಾದ ವರ್ಟಿಯೋ ಎಂಬ ಚಾಲಕ ತಂತ್ರಾಂಶವು ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ ಇಲ್ಲದಿರಬಹುದು. ಇದು ಸಾಗಿಸಿದವರ ಕೆಲಸದ ಭಾಗವೇ ಆಗಿದ್ದು, ಇದಕ್ಕೆ ಪ್ರತ್ಯೇಕ ಬಿಲ್ಲು ಬರುವುದು ನ್ಯಾಯವಲ್ಲ.

'ರನ್ ಎಫ್‌ಎಸ್‌ಸಿಕೆ ಮ್ಯಾನ್ಯುಯಲಿ' ಎಂಬ ಸೂಚನೆ ಬಂದಲ್ಲಿ ಮಾತ್ರ ನಿಜವಾಗಿ ಎಚ್ಚರದಿಂದಿರಬೇಕು. ಡಿಸ್ಕಿನಲ್ಲಿ ಕಡತಗಳ ಜೋಡಣೆಯೇ ಅಸ್ತವ್ಯಸ್ತವಾಗಿದೆಯೆಂದು ಅದು ಹೇಳುತ್ತದೆ. ಎಫ್‌ಎಸ್‌ಸಿಕೆ ಅದನ್ನು ಸರಿಪಡಿಸಬಲ್ಲದು. ಆದರೆ ಸರಿಪಡಿಸುವಾಗ ಹೆಸರು ಕಳೆದುಕೊಂಡ ಕಡತಗಳನ್ನು ಬೇರೆಡೆಗೆ ಸರಿಸುತ್ತದೆ, ಉಳಿಸಲಾಗದ ಭಾಗಗಳನ್ನು ಬಿಡುತ್ತದೆ. ಆದುದರಿಂದ ಮೊದಲು ಡಿಸ್ಕಿನ ಪೂರ್ಣ ಪ್ರತಿಯೊಂದನ್ನು, ಅಂದರೆ ಸ್ನ್ಯಾಪ್‌ಶಾಟ್ ಅನ್ನು, ತೆಗೆದಿಟ್ಟ ನಂತರವೇ ಅದನ್ನು ಓಡಿಸತಕ್ಕದ್ದು. 'ಗ್ರಬ್ ರೆಸ್ಕ್ಯೂ' ಎಂಬಲ್ಲಿ ನಿಂತಿದ್ದರೆ ಗ್ರಬ್‌ಗೆ ತನ್ನದೇ ಕಡತಗಳು ಸಿಕ್ಕಿಲ್ಲ. ಗ್ರಬ್ ಅನ್ನು ಮಾತ್ರ ಪುನಃ ಕೂರಿಸಿದರೆ ಸಾಕಾಗುವ ಸಂದರ್ಭಗಳೇ ಹೆಚ್ಚು.

ಇನ್ನು, ಕನ್ಸೋಲ್‌ನ ಕೊನೆಯಲ್ಲಿ ಯಂತ್ರದ ಹೆಸರಿನೊಂದಿಗೆ 'ಲಾಗಿನ್' ಎಂಬ ಪದ ಕಾಣಿಸುತ್ತಿದ್ದರೆ ಯಂತ್ರ ಎದ್ದಿದೆ. ಆಗ ಕಾರಣವನ್ನು ಜಾಲದ ವಿಳಾಸದಲ್ಲಿ, ಫೈರ್‌ವಾಲ್‌ನಲ್ಲಿ, ತುಂಬಿಹೋದ ಡಿಸ್ಕಿನಲ್ಲಿ ಅಥವಾ ಪಂಚಾಯಿತಿಯ ತಂತ್ರಾಂಶದಲ್ಲಿ ಹುಡುಕಬೇಕೇ ಹೊರತು ಸರ್ವರ್ ಏಳುತ್ತಿಲ್ಲವೆಂಬ ಕಾರಣ ನೀಡಿ ಮರುಸ್ಥಾಪನೆಗೆ ದರಪಟ್ಟಿ ಕೊಡುವಂತಿಲ್ಲ.

ಸಭೆಯಲ್ಲಿ ಕೇಳಬೇಕಾದುದು

ಯಂತ್ರ ನಿಂತ ಕೂಡಲೇ ಮತ್ತೆ ಮತ್ತೆ ಆಫ್ ಮಾಡಿ ಆನ್ ಮಾಡುವ ಅಭ್ಯಾಸ ಬಹಳ ಕಡೆ ಇದೆ. ಇದರಿಂದ ಎರಡು ನಷ್ಟಗಳಿವೆ. ಡಿಸ್ಕಿಗೆ ಬರೆಯುತ್ತಿರುವಾಗಲೇ ವಿದ್ಯುತ್ ಕಡಿದರೆ ಇಲ್ಲದ ದೋಷ ಹೊಸದಾಗಿ ಹುಟ್ಟಬಹುದು. ಎರಡನೆಯದಾಗಿ, ಕನ್ಸೋಲ್‌ನ ದಾಖಲೆಗೆ ಮಿತಿಯಿರುತ್ತದೆ. ಅಮೆಜಾನ್‌ನಲ್ಲಿ ಕೊನೆಯ 64 ಕಿಲೋಬೈಟ್‌ಗಳಷ್ಟು ಸಂದೇಶಗಳು ಮಾತ್ರ ಉಳಿಯುತ್ತವೆ. ಹಲವು ಬಾರಿ ಮರುಚಾಲನೆ ಮಾಡಿದರೆ ಮೊದಲ ದೋಷದ ಸಾಕ್ಷ್ಯವೇ ಅಳಿಸಿಹೋಗುತ್ತದೆ. ಆದ್ದರಿಂದ ಸಂದೇಶಗಳನ್ನು ಮೊದಲು ನಕಲು ಮಾಡಿಕೊಂಡು, ಡಿಸ್ಕಿನ ಸ್ನ್ಯಾಪ್‌ಶಾಟ್ ತೆಗೆದು, ಆಮೇಲೆ ಕೈ ಹಾಕುವುದು ಸರಿಯಾದ ಕ್ರಮ.

ಮರುಸ್ಥಾಪನೆಯ ಪ್ರಸ್ತಾವನೆ ಸಭೆಗೆ ಬಂದಾಗ ಸದಸ್ಯರು ತಾಂತ್ರಿಕ ಭಾಷೆಯಲ್ಲಿ ವಾದಿಸಬೇಕಾಗಿಲ್ಲ. ಸೀರಿಯಲ್ ಕನ್ಸೋಲ್‌ನ ಕೊನೆಯ ಸಾಲುಗಳ ಮುದ್ರಿತ ಪ್ರತಿ ಎಲ್ಲಿ, ಡಿಸ್ಕಿನ ಸ್ನ್ಯಾಪ್‌ಶಾಟ್ ಯಾವ ದಿನಾಂಕದಂದು ತೆಗೆಯಲಾಗಿದೆ, ಡಿಸ್ಕನ್ನು ಬೇರೆ ಯಂತ್ರಕ್ಕೆ ಜೋಡಿಸಿ ನೋಡಲಾಗಿದೆಯೇ ಎಂದು ಕೇಳಿದರೆ ಸಾಕು. ಸೇವಾದಾರರು ಕೆಲಸ ಬಲ್ಲವರಾಗಿದ್ದರೆ ಇವುಗಳಿಗೆ ಅದೇ ದಿನ ಉತ್ತರ ದೊರೆಯುತ್ತದೆ. ಉತ್ತರ ಬರುವವರೆಗೆ ವಿಷಯವನ್ನು ಮುಂದೂಡಿ, ಆ ಬಗ್ಗೆ ನಡವಳಿಯಲ್ಲಿ ದಾಖಲಿಸುವುದು ಸೂಕ್ತ. ಉತ್ತರಗಳನ್ನು ಪರಿಶೀಲಿಸಿದ ಬಳಿಕವೂ ಡಿಸ್ಕ್ ನಿಜವಾಗಿ ಹಾಳಾಗಿದೆಯೆಂದು ಕಂಡುಬಂದರೆ ಮರುಸ್ಥಾಪನೆಗೆ ಒಪ್ಪಲು ಅಡ್ಡಿಯಿಲ್ಲ. ಆಗಲೂ ಹಳೆಯ ಡಿಸ್ಕನ್ನು ಅಳಿಸದೆ ಹಾಗೆಯೇ ಉಳಿಸಿಕೊಂಡು, ಹೊಸ ಡಿಸ್ಕಿನಲ್ಲಿ ಸ್ಥಾಪಿಸುವಂತೆ ನಿರ್ಣಯದಲ್ಲಿ ಸ್ಪಷ್ಟವಾಗಿ ಬರೆಯಬೇಕು.

ಹೊಸ ಒಪ್ಪಂದ ಮಾಡಿಕೊಳ್ಳುವಾಗ ಅಥವಾ ವಾರ್ಷಿಕ ನಿರ್ವಹಣಾ ಒಪ್ಪಂದವನ್ನು ನವೀಕರಿಸುವಾಗ ಷರತ್ತುಗಳಲ್ಲಿ ಸೀರಿಯಲ್ ಕನ್ಸೋಲ್‌ನ ವಿಷಯವನ್ನು ಸೇರಿಸುವುದು ಮುಂದಿನ ಎಷ್ಟೋ ತಕರಾರುಗಳನ್ನು ತಪ್ಪಿಸುತ್ತದೆ. ಗ್ರಬ್, ಕರ್ನಲ್, ಗೆಟ್ಟಿ ಮೂರಕ್ಕೂ ಕನ್ಸೋಲ್ ವ್ಯವಸ್ಥೆ ಮಾಡಿ, ಅಧಿಕಾರಿಗಳ ಎದುರಿನಲ್ಲಿ ಒಮ್ಮೆ ಯಂತ್ರವನ್ನು ಮರುಚಾಲನೆಗೊಳಿಸಿ ತೋರಿಸಿದ ಬಳಿಕವೇ ಮೊದಲ ಕಂತು ಪಾವತಿಯಾಗುವಂತಿರಲಿ. ಡಿಸ್ಕ್ ಸೇರಿಸಿದಾಗ, ಕರ್ನಲ್ ನವೀಕರಿಸಿದಾಗಲೆಲ್ಲ ಹೀಗೆ ಮರುಚಾಲನೆ ಮಾಡಿ ನೋಡುವುದು ಅವಶ್ಯ. ಕಾರಣ ನೆನಪಿರುವಾಗಲೇ ದೋಷ ಹೊರಬರುತ್ತದೆ. ಅದನ್ನು ಕರ ವಸೂಲಿಯ ಒತ್ತಡವಿಲ್ಲದ ದಿನ, ಕಚೇರಿ ವೇಳೆಯ ನಂತರ ಮಾಡಿಸಿದರೆ ಸಾರ್ವಜನಿಕರಿಗೂ ತೊಂದರೆಯಿಲ್ಲ.

ಕನ್ಸೋಲ್ ಪ್ರವೇಶವು ಒಂದು ದೊಡ್ಡ ಅಧಿಕಾರವೆಂಬುದನ್ನೂ ಹೇಳಬೇಕು. ಅದು ಫೈರ್‌ವಾಲ್ ದಾಟಿ ನೇರವಾಗಿ ಯಂತ್ರದ ಒಳಗೆ ತಲುಪುವ ದಾರಿ. ಗ್ರಬ್‌ನ ಸಾಲನ್ನು ತಿದ್ದಬಲ್ಲವರು ಗುಪ್ತಪದವಿಲ್ಲದೆಯೂ ಒಳಹೊಕ್ಕು ಲೆಕ್ಕವನ್ನು ಬದಲಿಸಬಲ್ಲರು. ಹೀಗಾಗಿ ಕ್ಲೌಡ್ ಖಾತೆಯು ಸೇವಾದಾರರ ಖಾಸಗಿ ಮಿಂಚಂಚೆಯಲ್ಲಿರದೆ ಪಂಚಾಯಿತಿಯ ಅಧಿಕೃತ ಮಿಂಚಂಚೆಯಲ್ಲಿ ನೋಂದಣಿಯಾಗಿರಬೇಕು. ಅದರ ಗುಪ್ತಪದವನ್ನು ಮೊಹರು ಮಾಡಿದ ಲಕೋಟೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರ ವಶದಲ್ಲಿರಿಸಿ, ಅಧಿಕಾರಿಯವರ ವರ್ಗಾವಣೆಯಾದಾಗ ಪ್ರಭಾರ ಪಟ್ಟಿಯಲ್ಲಿ ಆ ಲಕೋಟೆಯನ್ನೂ ನಮೂದಿಸತಕ್ಕದ್ದು. ಸೇವಾದಾರರು ಬದಲಾದ ದಿನವೇ ಹಳೆಯವರ ಪ್ರವೇಶವನ್ನು ರದ್ದುಪಡಿಸಿ ಗುಪ್ತಪದವನ್ನು ಹೊಸದಾಗಿ ನೀಡಿ, ಹಳೆಯ ಲಕೋಟೆಯನ್ನು ತೆರೆದು ನಾಶಪಡಿಸಿದ ಬಗ್ಗೆ ಟಿಪ್ಪಣಿ ಬರೆದಿಡಬೇಕು.